ಹೊಳೆಯೂ ಉಳಿಯಲಿ, ಹೊಟ್ಟೆಯೂ ತುಂಬಲಿ

(ಕಲಿಕಾ ಕೇಂದ್ರದ ಸಭೆಯಲ್ಲಿ ಮಾಡಿದ ಭಾಷಣ)

ಇವತ್ತು ನಾವು ಏಡಿಯ ಬಗ್ಗೆ ಮಾತಾಡೋಣ. ಸೆಟ್ಲಿಯ ಬಗ್ಗೆ ಮಾತಾಡೋಣ. ಸೆಟ್ಲಿಗೆ ಪುಸ್ತಕದಲ್ಲಿ ಸಿಗಡಿ ಅಂತ ಬರೀತಾರೆ. ತುಳುವಿನಲ್ಲಿ ಎಟ್ಟಿ ಅಂತಾರೆ. ಕೊಂಕಣಿಯಲ್ಲಿ ಸುಂಗಟ ಅಂತಾರೆ. ಹೆಸರು ಬೇರೆ ಬೇರೆ, ಸಾರು ಒಂದೇ.

"ಏಡಿ ಹಿಡಿಯೋದನ್ನ ನಮಗೆ ಹೇಳಿಕೊಡಲಿಕ್ಕೆ ಬಂದಿರಾ?" ಎಂದು ನೀವು ನಗಬಹುದು. ಇಲ್ಲ. ನಾವೂ ಹೊಳೆ ದಡದವರೇ. ನಿಮ್ಮ ಕೈಗೆ ಎಷ್ಟು ಗೊತ್ತು ಎಂಬುದು ನಮಗೆ ಗೊತ್ತು. ಕೈಗೆ ಗೊತ್ತಿರುವುದನ್ನು ಅಕ್ಷರಕ್ಕೆ ತರೋಣ, ಲೆಕ್ಕಕ್ಕೆ ತರೋಣ. ಅಷ್ಟೇ ನಮ್ಮ ಕೆಲಸ.

ಹೊಳೆ ದಡದ ಮನೆಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳ್ತದೆ. "ಮೊದಲು ಬುಟ್ಟಿ ತುಂಬುತ್ತಿತ್ತು. ಈಗ ಯಾಕೆ ತುಂಬೋದಿಲ್ಲ?" ಈ ಪ್ರಶ್ನೆಗೆ ಉತ್ತರ ಹುಡುಕೋಣ.

ನಮ್ಮ ಹೊಳೆ, ನಮ್ಮ ಅಳಿವೆ

ಕರ್ನಾಟಕದ ಕರಾವಳಿ ಸುಮಾರು 300 ಕಿಲೋಮೀಟರ್ ಉದ್ದ. ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ ಎಂಬ ಮೂರು ಜಿಲ್ಲೆಗಳು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ನೇತ್ರಾವತಿ, ಹೀಗೆ ಹಲವು ಹೊಳೆಗಳು ಘಟ್ಟ ಇಳಿದು ಸಮುದ್ರ ಸೇರುತ್ತವೆ. ಹೊಳೆ ಸಮುದ್ರ ಸೇರುವ ಜಾಗವೇ ಅಳಿವೆ.

ಅಳಿವೆಯಲ್ಲಿ ಸಿಹಿನೀರು ಮೇಲಿನಿಂದ ಬರ್ತದೆ. ಉಪ್ಪುನೀರು ಕೆಳಗಿನಿಂದ ಏರ್ತದೆ. ಎರಡೂ ಬೆರೆಯುವ ಈ ನೀರಿನಲ್ಲೇ ಏಡಿ, ಸೆಟ್ಲಿ, ಬಳಚು, ಮೀನುಮರಿ ಎಲ್ಲ ಬೆಳೆಯುತ್ತವೆ. ದಡದ ಕಾಂಡ್ಲಾ ಗಿಡಗಳು ಇವಕ್ಕೆ ಮನೆ. ಕಾಂಡ್ಲಾ ಬೇರಿನ ಸಂದಿಯಲ್ಲಿ ಮರಿಗಳು ಅಡಗುತ್ತವೆ. ದೊಡ್ಡ ಮೀನು ಅಲ್ಲಿಗೆ ನುಗ್ಗಲಾರದು. ಉದುರಿದ ಎಲೆ ಕೊಳೆತು ಮರಿಗಳಿಗೆ ಆಹಾರ ಹುಟ್ಟುತ್ತದೆ. ಹಾಗಾಗಿ ಒಂದು ಕಾಂಡ್ಲಾ ಕಡಿದರೆ ಸೌದೆ ಸಿಗಬಹುದು, ಆದರೆ ಮೀನಿನ ತೊಟ್ಟಿಲು ಹೋಗುತ್ತದೆ.

ಅಘನಾಶಿನಿಯನ್ನೇ ನೋಡಿ. ಸಿರ್ಸಿ ಕಡೆಯ ಘಟ್ಟದಲ್ಲಿ ಹುಟ್ಟಿ, ಕುಮಟಾ ತಾಲೂಕಿನ ತದಡಿಯ ಹತ್ತಿರ ಸಮುದ್ರ ಸೇರುತ್ತದೆ. ಈ ಹೊಳೆಗೆ ಅಣೆಕಟ್ಟು ಇಲ್ಲ. ಇದರ ಅಳಿವೆಯನ್ನು 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿಸಿದರು. ರಾಮ್ಸರ್ ಎಂದರೆ ಇರಾನ್ ದೇಶದ ಒಂದು ಊರು. ನೀರು ನಿಲ್ಲುವ ಜಾಗಗಳನ್ನು ಉಳಿಸಬೇಕು ಎಂದು 1971ರಲ್ಲಿ ಅಲ್ಲಿ ಬೇರೆ ಬೇರೆ ದೇಶಗಳು ಒಪ್ಪಂದ ಮಾಡಿದವು. ಆ ಪಟ್ಟಿಯಲ್ಲಿ ಅಘನಾಶಿನಿಯ 4,801 ಹೆಕ್ಟೇರ್ ಸೇರಿದೆ. ಅಂದರೆ ನಮ್ಮ ಹೊಳೆಯ ಬೆಲೆ ಹೊರಗಿನವರಿಗೂ ಗೊತ್ತಾಗಿದೆ.

ಭರತ ಮತ್ತು ಇಳಿತ

ಸಮುದ್ರದ ನೀರು ದಿನಕ್ಕೆ ಎರಡು ಸಲ ಏರ್ತದೆ. ಎರಡು ಸಲ ಇಳೀತದೆ. ಏರಿದರೆ ಭರತ, ಇಳಿದರೆ ಇಳಿತ. ಇದು ದಿನವೂ ಅದೇ ಹೊತ್ತಿಗೆ ಆಗೋದಿಲ್ಲ. ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಇವತ್ತು ಬೆಳಿಗ್ಗೆ 6 ಗಂಟೆಗೆ ಇಳಿತವಾದರೆ ನಾಳೆ ಸುಮಾರು 6 ಗಂಟೆ 50 ನಿಮಿಷಕ್ಕೆ. ನಾಡಿದ್ದು 7 ಗಂಟೆ 40 ನಿಮಿಷಕ್ಕೆ.

ಅಮಾವಾಸ್ಯೆ, ಹುಣ್ಣಿಮೆಗೆ ನೀರು ಬಹಳ ಏರ್ತದೆ, ಬಹಳ ಇಳೀತದೆ. ಅಷ್ಟಮಿಯ ಸುಮಾರಿಗೆ ಏರಿಳಿತ ಕಡಿಮೆ. ಇದನ್ನು ಅಜ್ಜಂದಿರು ಚಂದ್ರನನ್ನು ನೋಡಿ ಹೇಳುತ್ತಿದ್ದರು. ನಾವು ಕ್ಯಾಲೆಂಡರಿನಲ್ಲಿ ಬರೆದಿಡೋಣ. ದಿನವೂ ಇಳಿತದ ಹೊತ್ತು ಬರೆಯಿರಿ. ಆ ದಿನ ಸಿಕ್ಕ ಏಡಿಯ ತೂಕ ಬರೆಯಿರಿ. ಒಂದು ವರ್ಷ ಬರೆದರೆ ನಿಮ್ಮ ಹೊಳೆಯ ಪುಸ್ತಕ ನಿಮ್ಮ ಕೈಯಲ್ಲೇ ಇರುತ್ತದೆ.

ಚಳಿಗಾಲದ ಬೇಟೆ

ಮಳೆಗಾಲದಲ್ಲಿ ಹೊಳೆ ಕೆಂಪು. ಎಲ್ಲ ಸಿಹಿನೀರು. ಮಳೆ ನಿಂತ ಮೇಲೆ ನೀರು ತಿಳಿಯಾಗುತ್ತದೆ. ಉಪ್ಪು ಮೇಲೇರುತ್ತದೆ. ಗಜನಿ ಗದ್ದೆಯಲ್ಲಿ ಕಗ್ಗ ಭತ್ತದ ಕೊಯ್ಲು ಮುಗಿಯುತ್ತದೆ. ಆಮೇಲೆ ಗಜನಿಗೆ ಉಪ್ಪುನೀರು ಬಿಡ್ತಾರೆ. ನೀರಿನ ಜೊತೆ ಸೆಟ್ಲಿ ಮರಿಯೂ ಒಳಗೆ ಬರ್ತದೆ. ಭತ್ತದ ಕೂಳೆ ಕೊಳೆತ ಗದ್ದೆಯಲ್ಲಿ ಮರಿಗೆ ಸಮೃದ್ಧ ಊಟ. ಅಮಾವಾಸ್ಯೆ, ಹುಣ್ಣಿಮೆಯ ಇಳಿತದಲ್ಲಿ ನೀರು ಹೊರಗೆ ಓಡುವಾಗ ಕಟ್ಟೆಯ ಬಾಗಿಲಿಗೆ ಬಲೆ ಕಟ್ಟಿ ಹಿಡಿಯುತ್ತಾರೆ.

ಡಿಸೆಂಬರ್, ಜನವರಿಯ ನಸುಕಿನಲ್ಲಿ ಹೊಳೆಯ ಮೇಲೆ ಮಂಜು. ಪಾತಿದೋಣಿ ನೂಕಿಕೊಂಡು ಗಂಡಸರು ಹೊರಡ್ತಾರೆ. ಸೊಂಟದವರೆಗೆ ನೀರಿನಲ್ಲಿ ನಿಂತು ಹೆಂಗಸರು ಬಳಚು ಆರಿಸ್ತಾರೆ, ಕೈಯಾಡಿಸಿ ಸೆಟ್ಲಿ ಹಿಡೀತಾರೆ. ಅಂಬಿಗರು, ಹರಿಕಂತ್ರರು, ಖಾರ್ವಿಗಳು, ಮೊಗವೀರರು, ಹಾಲಕ್ಕಿಗಳು, ಎಲ್ಲರಿಗೂ ಹೊಳೆ ಅನ್ನ ಕೊಟ್ಟಿದೆ.

ಏಡಿ ಹಿಡಿಯುವ ದಾರಿ ಹಲವು. ದಾರಕ್ಕೆ ಮೀನಿನ ತಲೆ ಕಟ್ಟಿ ನೀರಿಗೆ ಬಿಡುವುದು ಒಂದು. ಬಳೆಯಂಥ ಚೌಕಟ್ಟಿಗೆ ಬಲೆ ಕಟ್ಟಿ, ನಡುವೆ ಮೀನಿನ ತುಂಡು ಇಟ್ಟು ಮುಳುಗಿಸುವುದು ಇನ್ನೊಂದು. ಇಳಿತದಲ್ಲಿ ಮಾಟೆಗೆ ಕಬ್ಬಿಣದ ಕೊಕ್ಕೆ ಹಾಕಿ ಎಳೆಯುವುದು ಮತ್ತೊಂದು. ಈಗ ಮಡಚುವ ನೈಲಾನ್ ಗೂಡುಗಳೂ ಬಂದಿವೆ. ಏಡಿ ಒಳಗೆ ಹೋದರೆ ಹೊರಗೆ ಬರಲಾರದು.

ಚಳಿಗಾಲದಲ್ಲಿ ಅಪರೂಪಕ್ಕೆ ಬಲೆಗೆ ರಾವಸ ಬಿದ್ದರೆ ಮನೆಯಲ್ಲಿ ಹಬ್ಬ. ಪೇಟೆಯ ಹೋಟೆಲಿನಲ್ಲಿ ಇದನ್ನು ಇಂಡಿಯನ್ ಸಾಲ್ಮನ್ ಎನ್ನುತ್ತಾರೆ. ಆದರೆ ನಿಜವಾದ ಸಾಲ್ಮನ್ ಬೇರೆ. ಅದು ತಂಪು ದೇಶದ ಮೀನು. ರಾವಸಕ್ಕೂ ಅದಕ್ಕೂ ನೆಂಟಸ್ತಿಕೆ ಇಲ್ಲ.

ಸೆಟ್ಲಿಯ ಪ್ರಯಾಣ

ಸಾಲ್ಮನ್ ಕತೆ ಹೇಳಿದ್ದಕ್ಕೆ ಕಾರಣವಿದೆ. ಅಮೆರಿಕ ಮತ್ತು ಕೆನಡಾದ ಪಡುವಣ ಕರಾವಳಿಯ ಸಾಲ್ಮನ್ ಹೊಳೆಯಲ್ಲಿ ಹುಟ್ಟುತ್ತದೆ. ಸಮುದ್ರಕ್ಕೆ ಹೋಗಿ ಬೆಳೆಯುತ್ತದೆ. ಮೊಟ್ಟೆ ಇಡಲಿಕ್ಕೆ ಹುಟ್ಟಿದ ಹೊಳೆಗೇ ವಾಪಸ್ ಬರುತ್ತದೆ.

ನಮ್ಮ ಸೆಟ್ಲಿ ಇದಕ್ಕೆ ತಿರುಗಾಮುರುಗಾ. ತಾಯಿ ಸೆಟ್ಲಿ ಸಮುದ್ರದಲ್ಲಿ ಮೊಟ್ಟೆ ಇಡುತ್ತದೆ. ಒಂದೊಂದು ಸಲಕ್ಕೆ ಲಕ್ಷಗಟ್ಟಲೆ ಮೊಟ್ಟೆ. ಮೊಟ್ಟೆ ಒಡೆದು ಬಂದ ಕಣ್ಣಿಗೆ ಕಾಣದಷ್ಟು ಸಣ್ಣ ಮರಿ ಭರತದ ನೀರಿನಲ್ಲಿ ತೇಲಿ ಹೊಳೆಗೆ ಬರುತ್ತದೆ. ಕೆಲವು ತಿಂಗಳು ಇಲ್ಲೇ ತಿಂದು ಬೆಳೆದು ಮತ್ತೆ ಸಮುದ್ರಕ್ಕೆ ಹೊರಡುತ್ತದೆ. ಅಲ್ಲಿ ತಾಯಿಯಾಗುತ್ತದೆ.

ಸಾಲ್ಮನ್‌ಗೆ ಹೊಳೆ ತವರು, ಸಮುದ್ರ ದುಡಿಮೆಯ ಊರು. ಸೆಟ್ಲಿಗೆ ಸಮುದ್ರ ತವರು, ಹೊಳೆ ಬೆಳೆಯುವ ಮನೆ. ಎರಡಕ್ಕೂ ಬಾಗಿಲು ಒಂದೇ, ಅಳಿವೆ. ಸಣ್ಣ ಕಣ್ಣಿನ ಬಲೆಯನ್ನು ಅಡ್ಡ ಕಟ್ಟಿದರೆ ಏನಾಗುತ್ತದೆ? ಸಮುದ್ರಕ್ಕೆ ಹೋಗುವ ಸೆಟ್ಲಿ ಇರೋದಿಲ್ಲ. ಮೊಟ್ಟೆ ಇರೋದಿಲ್ಲ. ಮುಂದಿನ ವರ್ಷ ಮರಿ ಬರೋದಿಲ್ಲ. ದಡದವರ ಬುಟ್ಟಿಯೂ ಖಾಲಿ, ಸಮುದ್ರದವರ ಬಲೆಯೂ ಖಾಲಿ.

ಏಡಿ ಅಂಗಿ ಕಳಚುತ್ತದೆ

ಏಡಿಯ ಎಲುಬು ಹೊರಗಿದೆ. ಅದೇ ಚಿಪ್ಪು. ಚಿಪ್ಪು ಬೆಳೆಯೋದಿಲ್ಲ. ಮಗು ಬೆಳೆದ ಹಾಗೆ ಅಂಗಿ ಬಿಗಿಯಾಗುತ್ತದಲ್ಲ, ಹಾಗೇ ಏಡಿಗೂ ಚಿಪ್ಪು ಬಿಗಿಯಾಗುತ್ತದೆ. ಆಗ ಹಳೆ ಚಿಪ್ಪು ಒಡೆದು ಹಿಂದಿನಿಂದ ಹೊರಗೆ ಬರುತ್ತದೆ. ಹೊಸ ಚಿಪ್ಪು ಬಹಳ ಮೆತ್ತಗೆ. ಏಡಿ ನೀರು ಕುಡಿದು ಉಬ್ಬುತ್ತದೆ. ಆಮೇಲೆ ಚಿಪ್ಪು ಗಟ್ಟಿಯಾಗುತ್ತದೆ. ಹೋದ ಕಾಲು ಕೂಡ ಹೀಗೆ ಅಂಗಿ ಕಳಚುತ್ತಾ ಕಳಚುತ್ತಾ ಮತ್ತೆ ಬರುತ್ತದೆ.

ಮೆತ್ತಗಿನ ಏಡಿ ನೋಡಲಿಕ್ಕೆ ದೊಡ್ಡದು. ಒಳಗೆ ಮಾಂಸ ಕಡಿಮೆ, ನೀರೇ ಜಾಸ್ತಿ. ವ್ಯಾಪಾರಿ ಹೆಬ್ಬೆರಳಿನಿಂದ ಒತ್ತಿ ನೋಡ್ತಾನೆ. "ಇದು ನೀರು" ಅಂತ ಬದಿಗಿಡ್ತಾನೆ. ಅಥವಾ ಕಾಲುಭಾಗ ಬೆಲೆ ಹೇಳ್ತಾನೆ. ಇಂಥ ಏಡಿಯನ್ನು ಹೊಳೆಗೇ ಬಿಟ್ಟರೆ ಕೆಲವು ವಾರದಲ್ಲಿ ಮಾಂಸ ತುಂಬುತ್ತದೆ. ಕೆಲವರು ಇದನ್ನು ನೀರಿನ ಗೂಡಿನಲ್ಲಿಟ್ಟು ಕಸರು ಮೀನು ಹಾಕಿ ಮೂರು ನಾಲ್ಕು ವಾರ ಸಾಕುತ್ತಾರೆ. ಗಟ್ಟಿಯಾದ ಮೇಲೆ ಮಾರುತ್ತಾರೆ. ಒಂದು ಗೂಡಿನಲ್ಲಿ ಹಲವು ಏಡಿ ಹಾಕಬಾರದು. ಮೆತ್ತಗಾದದ್ದನ್ನು ಗಟ್ಟಿ ಇದ್ದದ್ದು ತಿಂದು ಬಿಡುತ್ತದೆ.

ಹೆಣ್ಣೇಡಿ ಗುರುತಿಸುವುದು

ಏಡಿಯನ್ನು ಮಗುಚಿ ನೋಡಿ. ಹೊಟ್ಟೆಯ ಮೇಲೆ ಒಂದು ಮುಚ್ಚಳ ಇದೆ. ಗಂಡಿಗೆ ಅದು ಕಿರಿದು, ಚೂಪು. ಬಲಿತ ಹೆಣ್ಣಿಗೆ ಅಗಲ, ದುಂಡಗೆ.

ಹೊಳೆಯ ದೊಡ್ಡ ಹೆಣ್ಣೇಡಿ ಮೊಟ್ಟೆ ಹೊರಹಾಕಲಿಕ್ಕೆ ಸಮುದ್ರಕ್ಕೆ ಹೋಗುತ್ತದೆ. ಮೊಟ್ಟೆಯನ್ನು ಆ ಮುಚ್ಚಳದ ಅಡಿ ಹೊತ್ತು ಕಾಯುತ್ತದೆ. ಹತ್ತಾರು ಲಕ್ಷ ಮೊಟ್ಟೆ. ಸಮುದ್ರದ ನೀಲಿ ಏಡಿ, ಚುಕ್ಕೆ ಏಡಿಗಳಲ್ಲೂ ಹೀಗೇ. ಬಲೆಗೆ ಬಿದ್ದ ಹೆಣ್ಣಿನ ಅಡಿಯಲ್ಲಿ ಕಿತ್ತಳೆ ಬಣ್ಣದ ಮುದ್ದೆ ಕಂಡರೆ ಅದು ಮೊಟ್ಟೆ. ದಿನ ಕಳೆದ ಹಾಗೆ ಕಂದು, ಆಮೇಲೆ ಕಪ್ಪು. ಕಪ್ಪಾದರೆ ಮರಿ ಹೊರಡುವ ಹೊತ್ತು ಬಂತು. ಇಂಥ ಬಸುರಿ ಏಡಿಯನ್ನು ನೀರಿಗೆ ಬಿಡೋಣ. ಸೀಮಂತಕ್ಕೆ ಸೀರೆ ಉಡಿಸುವ ನಮಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ಸೆಟ್ಲಿಯ ವಿಷಯ ಬೇರೆ. ನಮ್ಮ ಕಡಲ ಸೆಟ್ಲಿ ಮೊಟ್ಟೆ ಹೊತ್ತು ತಿರುಗೋದಿಲ್ಲ, ನೇರ ನೀರಿಗೆ ಬಿಡುತ್ತದೆ. ಆದ್ದರಿಂದ ಅಲ್ಲಿ ತಾಯಿಯನ್ನು ನೋಡಿ ಬಿಡಲಿಕ್ಕೆ ಆಗೋದಿಲ್ಲ. ಮರಿಯನ್ನು ಉಳಿಸುವುದೇ ದಾರಿ. ಅದಕ್ಕೆ ಬಲೆಯ ಕಣ್ಣು ದೊಡ್ಡದಿರಬೇಕು.

ದೂರದ ದೇಶದವರ ಪದ್ಧತಿ

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಪ್ಯೂಜೆಟ್ ಸೌಂಡ್ ಎಂಬ ಒಳಗಡಲು ಇದೆ. ಅಲ್ಲಿ ಚಳಿಗಾಲದಲ್ಲೂ ಸಾಲ್ಮನ್ ಹಿಡೀತಾರೆ. ಡಂಜನೆಸ್ ಎಂಬ ಏಡಿಯನ್ನು ಗೂಡು ಹಾಕಿ ಹಿಡೀತಾರೆ. ಏಡಿಗೆ ಅಲ್ಲಿ ಮೂರು ಕಟ್ಟಳೆ. ಗಂಡೇಡಿ ಮಾತ್ರ ಇಟ್ಟುಕೊಳ್ಳಬೇಕು. ಮೆತ್ತಗಿನದನ್ನು ಬಿಡಬೇಕು. ಚಿಪ್ಪಿನ ಅಗಲ ಆರೂ ಕಾಲು ಅಂಗುಲಕ್ಕಿಂತ ಕಡಿಮೆ ಇದ್ದರೆ ಬಿಡಬೇಕು. ಹಿಡಿಯುವವರ ಹತ್ತಿರ ಒಂದು ಅಳತೆಪಟ್ಟಿ ಇರುತ್ತದೆ.

ಇನ್ನೊಂದು ಒಳ್ಳೆಯ ಉಪಾಯವೂ ಇದೆ. ಗೂಡಿನ ಬಾಗಿಲನ್ನು ಅಥವಾ ಒಂದು ಕಂಡಿಯನ್ನು ಹತ್ತಿ ದಾರದಿಂದಲೇ ಕಟ್ಟಬೇಕು. ಯಾಕೆ? ಹಗ್ಗ ತುಂಡಾಗಿ ಗೂಡು ನೀರಿನಲ್ಲೇ ಕಳೆದುಹೋಯಿತು ಎಂದುಕೊಳ್ಳಿ. ಒಳಗಿನ ಏಡಿ ಸಾಯುತ್ತದೆ. ಅದನ್ನು ತಿನ್ನಲಿಕ್ಕೆ ಇನ್ನೊಂದು ಬರುತ್ತದೆ. ಅದೂ ಸಾಯುತ್ತದೆ. ಯಜಮಾನ ಇಲ್ಲದ ಗೂಡು ತಿಂಗಳುಗಟ್ಟಲೆ ಕೊಲ್ಲುತ್ತಲೇ ಇರುತ್ತದೆ. ಹತ್ತಿ ದಾರವಾದರೆ ನೀರಿನಲ್ಲಿ ಕೊಳೆಯುತ್ತದೆ. ಕಂಡಿ ತೆರೆಯುತ್ತದೆ. ಏಡಿ ಪಾರಾಗುತ್ತದೆ.

ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಚುಕ್ಕೆ ಸಿಗಡಿ ಇದೆ. ಅದು ಮೊದಲು ಗಂಡಾಗಿರುತ್ತದೆ. ಆಮೇಲೆ ಹೆಣ್ಣಾಗುತ್ತದೆ! ಹೆಣ್ಣು ಚಳಿಗಾಲವೆಲ್ಲ ಮೊಟ್ಟೆ ಹೊತ್ತಿರುತ್ತದೆ. ಮೊಟ್ಟೆ ಒಡೆದ ಮೇಲೆ, ಮೇ ತಿಂಗಳ ಸುಮಾರಿಗೆ, ವ್ಯಾಪಾರದ ಬೇಟೆ ಶುರು. ಗೂಡಿನಲ್ಲಿ ಎಷ್ಟು ಹೆಣ್ಣು ಬೀಳುತ್ತದೆ ಎಂದು ಎಣಿಸುತ್ತಾ ಹೋಗ್ತಾರೆ. ಹೆಣ್ಣು ಕಡಿಮೆಯಾದರೆ ಬೇಟೆ ನಿಲ್ಲಿಸ್ತಾರೆ.

ಅವರ ಏಡಿ ಬೇರೆ ಜಾತಿ. ಅವರ ಅಳತೆ ನಮ್ಮ ಏಡಿಗೆ ಹೊಂದದು. ಪದ್ಧತಿ ಮಾತ್ರ ಹೊಂದುತ್ತದೆ. ನಮ್ಮ ನೈಲಾನ್ ಗೂಡಿಗೂ ಒಂದು ಕಡೆ ಹತ್ತಿ ದಾರ ಕಟ್ಟಬಹುದಲ್ಲ? ಅದಕ್ಕೆ ಎಷ್ಟು ಖರ್ಚು?

ನಮ್ಮಲ್ಲೂ ಕಟ್ಟಳೆ ಇಲ್ಲದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಸಮುದ್ರಕ್ಕೆ ಇಳಿಯಬಾರದು. ನೀರಿಗೆ ವಿಷ ಹಾಕುವುದು, ತೋಟೆ ಸಿಡಿಸುವುದು 1897ರ ಕಾನೂನಿನಿಂದಲೇ ಅಪರಾಧ. ವಿಷ ದೊಡ್ಡದು, ಸಣ್ಣದು ನೋಡೋದಿಲ್ಲ. ಒಂದು ದಿನದ ಆಸೆಗೆ ಹಾಕಿದ ವಿಷ ಎಷ್ಟೋ ದಿನದ ಊಟವನ್ನು ಕೊಲ್ಲುತ್ತದೆ.

ಒಂದು ಲೆಕ್ಕ ಮಾಡೋಣ

ಸ್ಲೇಟು ತೆಗೆಯಿರಿ. ಬೆಲೆ ದಿನವೂ ಏರಿಳಿಯುತ್ತದೆ. ಲೆಕ್ಕಕ್ಕಾಗಿ ಒಂದು ಬೆಲೆ ಇಟ್ಟುಕೊಳ್ಳೋಣ. ಸಣ್ಣ ಏಡಿಗೆ ಕಿಲೋಗೆ 200 ರೂಪಾಯಿ. ದೊಡ್ಡ ಏಡಿಗೆ ಕಿಲೋಗೆ 800 ರೂಪಾಯಿ.

150 ಗ್ರಾಂ ತೂಕದ ಒಂದು ಸಣ್ಣ ಏಡಿ ಮಾರಿದರೆ ಸಿಗುವುದು 30 ರೂಪಾಯಿ.

ಅದೇ ಏಡಿ ಬೆಳೆದು 500 ಗ್ರಾಂ ಆದ ಮೇಲೆ ಮಾರಿದರೆ 400 ರೂಪಾಯಿ.

ವ್ಯತ್ಯಾಸ 370 ರೂಪಾಯಿ. ಇದನ್ನು ಬೆಳೆಸಿದವರು ಯಾರು? ಹೊಳೆ. ಗೊಬ್ಬರ ಹಾಕಲಿಲ್ಲ. ಬಡ್ಡಿ ಕಟ್ಟಲಿಲ್ಲ. ಕೆಲವು ತಿಂಗಳು ಕಾದದ್ದು ಮಾತ್ರ.

ಇನ್ನೊಂದು ಲೆಕ್ಕವೂ ಕಲಿಯಬೇಕು. ತಕ್ಕಡಿಯ ಲೆಕ್ಕ. ನಿಮ್ಮ ಏಡಿ 2 ಕಿಲೋ 750 ಗ್ರಾಂ ಇದ್ದರೆ, ಚೀಟಿಯಲ್ಲಿ 2 ಕಿಲೋ 500 ಎಂದು ಬರೆದರೆ, ನಷ್ಟ 250 ಗ್ರಾಂ. 800ರ ಬೆಲೆಯಲ್ಲಿ 200 ರೂಪಾಯಿ ಹೋಯಿತು. ಚೀಟಿ ಓದಲಿಕ್ಕೆ ಬಂದರೆ ಅಲ್ಲೇ ಕೇಳಬಹುದು. "ಅಣ್ಣಾ, ಇನ್ನೊಮ್ಮೆ ತೂಗು" ಎನ್ನಬಹುದು. ಅಕ್ಷರ ಅಂದರೆ ಇದು.

ಹಸಿವಿನ ಮಾತು

ಈಗ ನಿಮ್ಮಲ್ಲಿ ಯಾರಾದರೂ ಕೇಳಬಹುದು. "ಬಿಡಿ ಅಂತೀರಿ. ಇವತ್ತಿನ ಅಕ್ಕಿಗೆ ಏನು ಮಾಡೋಣ?" ಇದು ಸರಿಯಾದ ಪ್ರಶ್ನೆ. ಹಸಿದವರಿಗೆ ಬುದ್ಧಿ ಹೇಳಿ ಎದ್ದು ಹೋಗುವುದು ಸುಲಭ. ನಾವು ಹಾಗೆ ಮಾಡೋದಿಲ್ಲ.

ಇನ್ನೊಂದು ಮಾತೂ ಇದೆ. "ನಾನು ಬಿಟ್ಟರೆ ಆಚೆ ದಡದವ ಹಿಡೀತಾನೆ." ಇದೂ ನಿಜ. ಒಬ್ಬರೇ ಬಿಟ್ಟರೆ ಒಬ್ಬರಿಗೇ ನಷ್ಟ. ಎಲ್ಲರೂ ಬಿಟ್ಟರೆ ಎಲ್ಲರಿಗೂ ಲಾಭ. ಹಾಗಾಗಿ ಈ ಕೆಲಸ ಒಬ್ಬರದಲ್ಲ, ಊರಿನದು. ಎರಡೂ ದಡದವರು ಒಂದು ಕಡೆ ಕೂರಬೇಕು. ಎಷ್ಟು ಸಣ್ಣದನ್ನು ಬಿಡಬೇಕು ಎಂದು ನಾವೇ ತೀರ್ಮಾನ ಮಾಡಬೇಕು. ಒಂದು ಬಿದಿರು ಕಡ್ಡಿಯ ಮೇಲೆ ಗೆರೆ ಹಾಕಿದರೆ ಅದೇ ಅಳತೆ. ಪ್ರತಿ ಪಾತಿಯಲ್ಲೂ ಒಂದು ಕಡ್ಡಿ ಇರಲಿ.

ಸಾಲದ ಗಂಟು ಕೂಡ ಬಿಚ್ಚಬೇಕು. ಮಳೆಗಾಲದಲ್ಲಿ ವ್ಯಾಪಾರಿಯಿಂದ ಮುಂಗಡ ತಂದರೆ, ಚಳಿಗಾಲದಲ್ಲಿ ಅವನು ಹೇಳಿದ ಬೆಲೆಗೇ ಕೊಡಬೇಕು. ಸಣ್ಣದು, ದೊಡ್ಡದು ಎಲ್ಲ ಕೊಟ್ಟು ಸಾಲ ತೀರಿಸಬೇಕು. ಹೊಳೆ ಬರಿದಾಗುವುದಕ್ಕೆ ಇದೂ ಒಂದು ಕಾರಣ. ಹೆಂಗಸರ ಸ್ವಸಹಾಯ ಸಂಘದಲ್ಲಿ ವಾರಕ್ಕೆ ಇಷ್ಟು ಎಂದು ಕೂಡಿಟ್ಟರೆ ಮಳೆಗಾಲಕ್ಕೆ ಒಂದು ಆಸರೆ. ಮುಂಗಡ ತಗೊಂಡರೂ ಎಷ್ಟು ತಗೊಂಡೆವು, ಎಷ್ಟು ತೀರಿತು ಎಂದು ನಮ್ಮ ಪುಸ್ತಕದಲ್ಲೂ ಬರೆದಿರಬೇಕು. ಬರೀ ವ್ಯಾಪಾರಿಯ ಪುಸ್ತಕದಲ್ಲಲ್ಲ.

ಜೀವ ಮೊದಲು

ಕಡೆಗೆ ಒಂದು ಮಾತು. ಇಳಿತದ ಹೊತ್ತಿಗೆ ಅಳಿವೆಯ ಸೆಳೆತ ಜೋರು. ಒಬ್ಬರೇ ಹೋಗಬೇಡಿ. ಮನೆಯಲ್ಲಿ ಹೇಳಿ ಹೋಗಿ. ತೇಲುವ ಅಂಗಿ ಹಾಕಿಕೊಳ್ಳಿ. ಏಡಿಯ ಎರಡೂ ಕೊಂಬನ್ನು ಹಿಡಿದ ಕೂಡಲೇ ಹಗ್ಗದಿಂದ ಬಿಗಿಯಿರಿ. ಕಲ್ಲಿನ ಚಿಪ್ಪು ಕಾಲಿಗೆ ಕೊಯ್ದರೆ ಒಳ್ಳೆ ನೀರಿನಿಂದ ತೊಳೆದು ಆಸ್ಪತ್ರೆಗೆ ತೋರಿಸಿ. ಸಮುದ್ರದಲ್ಲಿ ತೊಂದರೆಯಾದರೆ ಕರಾವಳಿ ಕಾವಲು ಪಡೆಯ ದೂರವಾಣಿ ಸಂಖ್ಯೆ 1554. ಈ ನಾಲ್ಕು ಅಂಕಿಯನ್ನು ದೋಣಿಯ ಮೇಲೇ ಬರೆಯಿರಿ.

2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಮೀನುಗಾರರ ಅಪಘಾತ ವಿಮೆಯನ್ನೂ ಸೇರಿಸಿದರು. ಅಪಘಾತದಲ್ಲಿ ಸತ್ತರೆ ಮನೆಯವರಿಗೆ 5 ಲಕ್ಷ ರೂಪಾಯಿ ಎಂದು ಇಟ್ಟರು. ಹೆಸರು ಪಟ್ಟಿಯಲ್ಲಿ ಇದ್ದರೆ ಮಾತ್ರ ಇಂಥ ಸಹಾಯ ಸಿಗುತ್ತದೆ. ಮೀನುಗಾರಿಕೆ ಇಲಾಖೆಯ ಕಚೇರಿಗೆ ಹೋಗಿ, "ನಮ್ಮ ಹೆಸರು ಇದೆಯಾ?" ಎಂದು ಕೇಳಿ. ಪಟ್ಟಿಯನ್ನು ನೀವೇ ಓದಿ. ಪಾತಿಯಲ್ಲಿ ಹೋಗುವ ಗಂಡಸರ ಹೆಸರಷ್ಟೇ ಅಲ್ಲ, ನೀರಿನಲ್ಲಿ ನಿಂತು ಆರಿಸುವ ಹೆಂಗಸರ ಹೆಸರೂ ಇರಬೇಕು.

ಬಂಧುಗಳೇ, ಹೊಳೆ ನಮಗೆ ಅಜ್ಜ ಬರೆದುಕೊಟ್ಟ ಆಸ್ತಿಯಲ್ಲ. ಮೊಮ್ಮಕ್ಕಳಿಂದ ತಂದ ಕೈಗಡ. ಕೈಗಡವನ್ನು ಮರಳಿಸಬೇಕು. ಬರುವ ಅಮಾವಾಸ್ಯೆಯ ಇಳಿತಕ್ಕೆ ಹೋಗುವಾಗ ಒಂದು ಬಿದಿರು ಕಡ್ಡಿ, ಒಂದು ಸುತ್ತು ಹತ್ತಿ ದಾರ ಜೊತೆಗಿರಲಿ. ವಾಪಸ್ ಬಂದ ಮೇಲೆ ಎಷ್ಟು ಹಿಡಿದಿರಿ, ಎಷ್ಟು ಬಿಟ್ಟಿರಿ ಎಂದು ಪುಸ್ತಕದಲ್ಲಿ ಬರೆಯಿರಿ. ಮುಂದಿನ ವಾರ ಎಲ್ಲರೂ ಕೂತು ಓದೋಣ.

ಓದಿ, ಮಾತಾಡಿ

1. ನಿಮ್ಮ ಊರಿನಲ್ಲಿ ಇವತ್ತು ಇಳಿತ ಎಷ್ಟು ಗಂಟೆಗೆ? ನಾಳೆ ಎಷ್ಟು ಗಂಟೆಗೆ?

2. ಗಂಡೇಡಿ, ಹೆಣ್ಣೇಡಿಯನ್ನು ಹೇಗೆ ಗುರುತಿಸುತ್ತೀರಿ?

3. ಕಳೆದುಹೋದ ಗೂಡಿನಿಂದ ಏನು ತೊಂದರೆ? ಹತ್ತಿ ದಾರ ಹೇಗೆ ಸಹಾಯ ಮಾಡುತ್ತದೆ?

4. 3 ಕಿಲೋ 250 ಗ್ರಾಂ ಏಡಿಗೆ ಕಿಲೋಗೆ 600 ರೂಪಾಯಿಯಂತೆ ಎಷ್ಟು ಸಿಗಬೇಕು?

5. ಎಷ್ಟು ಸಣ್ಣ ಏಡಿಯನ್ನು ಬಿಡಬೇಕು? ನಿಮ್ಮ ಊರಿನವರು ಸೇರಿ ತೀರ್ಮಾನ ಮಾಡಿ, ಗೋಡೆಯ ಮೇಲೆ ಬರೆಯಿರಿ.